ಮೇಷ್ಟ್ರು ಜಾರಿದರೋ, ಶಿಷ್ಯ ತಳ್ಳಿದನೋ?

ಕುರಿಚಿಯ ಒಂದು ಕನ್ನಡ ಮನೆಯ ನಡುಮನೆಯಲ್ಲಿ ಕಳೆದ ರಜೆಯ ದಿನ ಎದ್ದ ವಾದವೊಂದು ಅದಕ್ಕೆ ಕಾರಣವಾದ ಚಿತ್ರಕ್ಕಿಂತಲೂ ಉದ್ದವಾಯಿತು. ಚಿತ್ರವೇ ಸುಮಾರು ಮೂರು ಗಂಟೆಯದು. ವಾದ ಊಟವನ್ನು ದಾಟಿ, ಸಂಜೆಯ ಕಾಫಿಯನ್ನು ದಾಟಿ, ದೀಪ ಹಚ್ಚುವ ಹೊತ್ತಿಗೂ ಮುಗಿದಿರಲಿಲ್ಲ. ಚಿತ್ರ ‘ನಾಗರಹಾವು’. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿ, ಈಶ್ವರಿ ಸಂಸ್ಥೆಯ ಎನ್. ವೀರಾಸ್ವಾಮಿಯವರು ನಿರ್ಮಿಸಿ, 1972ರ ಡಿಸೆಂಬರ್ 29ರಂದು ತೆರೆಕಂಡ ಚಿತ್ರ. ಅರ್ಧ ಶತಮಾನ ಕಳೆದರೂ ಅದರ ಕಡೆಯ ದೃಶ್ಯದ ಬಗ್ಗೆ ಜನ ಒಮ್ಮತಕ್ಕೆ ಬಂದಿಲ್ಲ ಎಂಬುದನ್ನು ನಾನು ಕೇಳಿದ್ದೆ. ಅಂದು ಕಣ್ಣಾರೆ ಕಂಡೆ.

ಆ ಮನೆಯಲ್ಲಿದ್ದವರು ಐವರು. ಗಿರಣಿಯಲ್ಲಿ ದುಡಿದು ನಿವೃತ್ತರಾದ ತಾತ, ಅವರ ಮಗ, ಸೊಸೆ, ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು, ಮತ್ತು ನೆರೆಮನೆಯಿಂದ ಬಂದಿದ್ದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ನಾನು ಆರನೆಯವನು; ಸಾಕ್ಷಿಯಾಗಿ ಕುಳಿತವನು.

ಕಥೆಯನ್ನು ಮರೆತವರಿಗಾಗಿ ನಾಲ್ಕು ಮಾತು. ಚಿತ್ರದುರ್ಗದ ರಾಮಾಚಾರಿ ಕೋಪಿಷ್ಠ, ಒರಟ, ಆದರೆ ಒಳಗೆ ಮಗು. ಊರೆಲ್ಲ ಅವನನ್ನು ಪುಂಡನೆಂದರೂ ಬಾಲ್ಯದಲ್ಲಿ ಅಕ್ಷರ ಕಲಿಸಿದ ಚಾಮಯ್ಯ ಮೇಷ್ಟ್ರಿಗೆ ಅವನ ಮೇಲೆ ಹೆತ್ತ ಮಗನಿಗಿಂತ ಹೆಚ್ಚಿನ ಮಮತೆ. ಯಾರ ಮಾತನ್ನೂ ಕೇಳದ ಹುಡುಗ ಮೇಷ್ಟ್ರ ಮಾತನ್ನು ಮಾತ್ರ ಮೀರುವುದಿಲ್ಲ. ಗೆಳೆಯ ವರದನ ತಂಗಿ ಅಲಮೇಲುವನ್ನು ಜಲೀಲನ ಕಾಟದಿಂದ ಅವನು ಕಾಪಾಡುತ್ತಾನೆ. ಇಬ್ಬರಲ್ಲೂ ಪ್ರೀತಿ ಬೆಳೆಯುತ್ತದೆ. ವರದ ಕೊಟ್ಟ ಮಾತಿಗೆ ತಪ್ಪುತ್ತಾನೆ. ತ್ಯಾಗವೇ ದೊಡ್ಡದೆಂದು ಮೇಷ್ಟ್ರು ಹೇಳಿದ ಮೇಲೆ ರಾಮಾಚಾರಿ ಅವಳನ್ನು ಬಿಟ್ಟುಕೊಡುತ್ತಾನೆ. ಬೇರೊಬ್ಬನ ಕೈ ಹಿಡಿದ ಅಲಮೇಲುವನ್ನು ಆ ಗಂಡನೇ ಬೀದಿಪಾಲು ಮಾಡುತ್ತಾನೆ. ಮುಂದೆ ಕ್ರೈಸ್ತ ಹುಡುಗಿ ಮಾರ್ಗರೆಟ್ಟಳೊಡನೆ ಬಾಳಬೇಕೆಂದು ರಾಮಾಚಾರಿ ಹೊರಟಾಗ ಮೇಷ್ಟ್ರು ಮತ್ತೆ ಅಡ್ಡ ಬರುತ್ತಾರೆ. ಬೆಟ್ಟದ ತುದಿಯಲ್ಲಿ ಗುರುಶಿಷ್ಯರು ಎದುರುಬದುರಾಗುತ್ತಾರೆ. ಮೇಷ್ಟ್ರು ಕೆಳಗೆ ಬಿದ್ದು ಸಾಯುತ್ತಾರೆ. ರಾಮಾಚಾರಿಯೂ ಮಾರ್ಗರೆಟ್ಟಳೂ ಅದೇ ಬೆಟ್ಟದಿಂದ ಹಾರುತ್ತಾರೆ.

ಬಿದ್ದು ಸಾಯುತ್ತಾರೆ ಎಂದು ನಾನು ಬರೆದೆ. ತಾತ ಇದನ್ನು ಓದಿದರೆ ಒಪ್ಪುವುದಿಲ್ಲ. ಶಿಷ್ಯ ಸಿಟ್ಟಿನಲ್ಲಿ ತಳ್ಳಿದನೆಂದೂ, ತಳ್ಳಿದ ಕೈಯನ್ನು ತಾವು ಕಂಡಿದ್ದೇವೆಂದೂ ಅವರ ಹಟ. ನೆರೆಮನೆಯ ಮೇಷ್ಟ್ರು ಇದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. ಆಯ ತಪ್ಪಿ ಬಿದ್ದದ್ದು, ತಳ್ಳುವ ಶಿಷ್ಯನನ್ನು ಪುಟ್ಟಣ್ಣನಂಥ ನಿರ್ದೇಶಕ ತೋರಿಸಲಾರ ಎಂಬುದು ಅವರ ವಾದ. ಮೂವತ್ತು ವರ್ಷ ಪಾಠ ಹೇಳಿದವರು ಬೇರೆ ಏನು ಹೇಳಿಯಾರು! ಸೊಸೆ ಮೂರನೆಯ ಮಾತು ತೆಗೆದರು: ಜಾರಿದ್ದೂ ಅಲ್ಲ, ತಳ್ಳಿದ್ದೂ ಅಲ್ಲ, ಮೇಷ್ಟ್ರು ತಾವಾಗಿಯೇ ಅಂಚಿಗೆ ಹೋಗಿ ನಿಂತವರು, ಆ ಜಾಗವನ್ನು ಆರಿಸಿಕೊಂಡದ್ದೇ ಅವರು. ಚಿತ್ರದ ಕಥಾಸಾರವನ್ನು ಬರೆದವರಲ್ಲಿಯೂ ಈ ಭೇದವುಂಟು. ಕೆಲವರು ತಳ್ಳಿದನೆಂದು ಬರೆಯುತ್ತಾರೆ, ಕೆಲವರು ಜಾರಿದರೆಂದು ಬರೆಯುತ್ತಾರೆ. ಇಬ್ಬರೂ ಅದೇ ದೃಶ್ಯವನ್ನು ನೋಡಿಯೇ ಬರೆದದ್ದು.

ಒಂದೇ ದೃಶ್ಯವೇ? ಇಲ್ಲಿ ನಾನು ಬಾಯಿ ಹಾಕಿದೆ.

ಇಂದಿನ ಮಕ್ಕಳು ಚಿತ್ರವೆಂದರೆ ಎಲ್ಲಿ ನೋಡಿದರೂ ಒಂದೇ ಎಂದು ತಿಳಿದಿದ್ದಾರೆ. ಫಿಲ್ಮಿನ ಕಾಲದಲ್ಲಿ ಹಾಗಿರಲಿಲ್ಲ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡಬೇಕು. ಎಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಮೂರು ಗಂಟೆಯ ಚಿತ್ರಕ್ಕೆ ಹದಿನಾರು ಸಾವಿರ ಅಡಿಗೂ ಮೀರಿದ ಫಿಲ್ಮು ಬೇಕು. ಈ ಸುರುಳಿಗಳು ತಗಡಿನ ಡಬ್ಬಿಗಳಲ್ಲಿ ನಗರದ ಚಿತ್ರಮಂದಿರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಟೂರಿಂಗ್ ಟಾಕೀಸಿನ ಡೇರೆಗೆ ಹೋಗುತ್ತಿದ್ದವು. ಯಂತ್ರದ ಹಲ್ಲಿಗೆ ಸಿಕ್ಕಿ ಫಿಲ್ಮು ಹರಿದರೆ ಆಪರೇಟರು ಹರಿದ ಭಾಗವನ್ನು ಕತ್ತರಿಸಿ, ಎರಡು ತುದಿಗಳನ್ನು ಅಂಟಿಸಿ, ಸಿಳ್ಳೆ ಹೊಡೆಯುತ್ತಿದ್ದ ಜನರನ್ನು ಸಮಾಧಾನಪಡಿಸುತ್ತಿದ್ದ. ಒಂದೂವರೆ ಅಡಿ ಹೋದರೆ ಒಂದು ಸೆಕೆಂಡು ಹೋಯಿತು. ಒಬ್ಬ ಮನುಷ್ಯ ಇನ್ನೊಬ್ಬನನ್ನು ತಳ್ಳುವುದಕ್ಕೆ ಒಂದು ಸೆಕೆಂಡು ಸಾಕು. ತಳ್ಳದೆ ಕೈ ಚಾಚಿ ಹಿಡಿಯಲು ಹೋಗುವುದಕ್ಕೂ ಅಷ್ಟೇ ಸಾಕು. ಹಳೆಯ ಪ್ರತಿಯಲ್ಲಿ ಆ ಸೆಕೆಂಡು ಕಾಣೆಯಾಗಿದ್ದರೆ ನೋಡುಗನ ಮನಸ್ಸೇ ಅದನ್ನು ತುಂಬಿಕೊಳ್ಳುತ್ತದೆ. ಮೊದಲ ವಾರ ಬೆಂಗಳೂರಿನಲ್ಲಿ ನೋಡಿದವನೂ ಎರಡು ವರ್ಷದ ಮೇಲೆ ಡೇರೆಯಲ್ಲಿ ನೋಡಿದವನೂ ಒಂದೇ ಚಿತ್ರವನ್ನು ನೋಡಿದರೆಂದು ಹೇಳುವಂತಿಲ್ಲ. ಆಮೇಲೆ ದೂರದರ್ಶನ, ಖಾಸಗಿ ವಾಹಿನಿಗಳು ಬಂದವು. ಜಾಹೀರಾತಿಗೆ ಎಡೆಮಾಡಿಕೊಡಲು ಹಳೆಯ ಚಿತ್ರಗಳ ಮೇಲೆ ಕತ್ತರಿ ಆಡಿಸುವುದು ಅಲ್ಲಿ ದಿನನಿತ್ಯದ ಕೆಲಸ.

2018ರ ಜುಲೈಯಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದ ಉಡುಪಿನಲ್ಲಿ ಮತ್ತೆ ತೆರೆಗೆ ಬಂತು. ಬಣ್ಣ ತಿದ್ದಿ, ಶಬ್ದವನ್ನು 7.1 ವ್ಯವಸ್ಥೆಗೆ ಅಳವಡಿಸಿ, ಚಿತ್ರವನ್ನು ಸಿನಿಮಾಸ್ಕೋಪಿನ ಅಗಲಕ್ಕೆ ತಂದರು. ಹೊಸ ತಲೆಮಾರು ವಿಷ್ಣುವರ್ಧನರ ಮೊದಲ ನಾಯಕಪಾತ್ರಕ್ಕೆ ದೊಡ್ಡ ಪರದೆಯ ಮುಂದೆ ಶಿಳ್ಳೆ ಹಾಕಿತು. ಜಲೀಲನಾಗಿ ಇದೇ ಚಿತ್ರದಿಂದ ಚಿತ್ರರಂಗಕ್ಕೆ ಕಾಲಿಟ್ಟ ಅಂಬರೀಷರು ಆಗಿನ್ನೂ ಇದ್ದರು. ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ಒಳ್ಳೆಯ ಕೆಲಸವೇ, ಆದರೆ ಒಂದು ತೊಡಕುಂಟು. ಹಳೆಯ ಚೌಕಟ್ಟು ಹೆಚ್ಚು ಕಡಿಮೆ ಚೌಕ. ಸಿನಿಮಾಸ್ಕೋಪು ಉದ್ದನೆಯ ಪಟ್ಟಿ. ಚೌಕವನ್ನು ಪಟ್ಟಿಯ ಪೂರ್ತಿ ಅಗಲಕ್ಕೆ ಹಿಗ್ಗಿಸಿದರೆ ಎತ್ತರದಲ್ಲಿ ಹತ್ತರಲ್ಲಿ ನಾಲ್ಕು ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ. ಬೆಟ್ಟದ ತುದಿಯ ದೃಶ್ಯದಲ್ಲಿ ಎತ್ತರವೇ ಪ್ರಾಣ. ಮೇಲಿನ ಆಕಾಶವೋ ಕೆಳಗಿನ ಪಾದವೋ ಚೌಕಟ್ಟಿನಿಂದ ಹೊರಗುಳಿದರೆ ಜಾರಿದ ಕಾಲನ್ನು ಯಾರು ಕಂಡಾರು?

ಇಷ್ಟು ಹೇಳಿದ ಮೇಲೆ ನೆರೆಮನೆಯ ಮೇಷ್ಟ್ರಿಗೆ ಸಮಾಧಾನವಾಯಿತು, ತಾತನಿಗೆ ಆಗಲಿಲ್ಲ. ಅವರು ತಮ್ಮ ಪಕ್ಷಕ್ಕೆ ತಮಿಳು ಚಿತ್ರವನ್ನು ಕರೆದರು.

ಕೊಯಮತ್ತೂರಿನಲ್ಲಿ ಬೆಳೆದ ನಮ್ಮ ಹಿರಿಯರಲ್ಲಿ ಕೆಲವರಿಗೆ ಈ ಕಥೆ ಮೊದಲು ಸಿಕ್ಕಿದ್ದು ‘ರಾಜನಾಗಂ’ ಎಂಬ ಹೆಸರಿನಲ್ಲಿ. 1974ರ ತಮಿಳು ಚಿತ್ರ. ರಾಮಾಚಾರಿಯ ಪಾತ್ರದಲ್ಲಿ ಶ್ರೀಕಾಂತ್. ಅದೇ ವರ್ಷ ತೆಲುಗಿನಲ್ಲಿ ಶೋಭನ್ ಬಾಬು ನಟಿಸಿದ ‘ಕೋಡೆ ನಾಗು’ ಬಂತು. ಅಲ್ಲಿ ಮೇಷ್ಟ್ರ ಪಾತ್ರವನ್ನು ಮಾಡಿದವರು ಹೆಸರಾಂತ ಗೀತಕಾರ ಆಚಾರ್ಯ ಆತ್ರೇಯ. ಹಿಂದಿಯಲ್ಲಿ ಪುಟ್ಟಣ್ಣನವರೇ ‘ಜಹರೀಲಾ ಇನ್ಸಾನ್’ ಮಾಡಿದರು, ರಿಷಿ ಕಪೂರ್ ನಾಯಕ. ಕನ್ನಡದ ಗೆಲುವು ಅಲ್ಲಿ ಕಾಣಲಿಲ್ಲ. ಎರಡೇ ವರ್ಷದಲ್ಲಿ ನಾಲ್ಕು ಭಾಷೆಗಳಲ್ಲಿ ನಾಲ್ವರು ಮೇಷ್ಟ್ರು ಸತ್ತರು! ತಾತನ ತಲೆಯಲ್ಲಿ ಶ್ರೀಕಾಂತನೂ ವಿಷ್ಣುವರ್ಧನನೂ ಕಲೆತುಹೋಗಿರಬಹುದೆಂದು ಮಗ ಮೆಲ್ಲನೆ ಹೇಳಿದರು. ತಾತ ಕೇಳದವರಂತೆ ವೀಳ್ಯದೆಲೆಗೆ ಸುಣ್ಣ ಹಚ್ಚಿದರು.

ಒಂದೇ ಕಥೆಯನ್ನು ಹಲವು ಭಾಷೆಗಳಲ್ಲಿ ಎರಕ ಹೊಯ್ಯುವುದು ಈ ನಗರಕ್ಕೆ ಹೊಸದೇನೂ ಅಲ್ಲ. ಪುಲಿಯಕುಳಂನ ಪಕ್ಷಿರಾಜಾ ಸ್ಟುಡಿಯೋದಲ್ಲಿ ಶ್ರೀರಾಮುಲು ನಾಯ್ಡು 1954ರಲ್ಲಿ ಎಂ.ಜಿ.ಆರ್. ಅವರನ್ನು ಹಾಕಿಕೊಂಡು ‘ಮಲೈಕ್ಕಳ್ಳನ್’ ತೆಗೆದರು. ಅದೇ ಕಥೆ ತೆಲುಗಿಗೆ, ಹಿಂದಿಗೆ, ಮಲಯಾಳಕ್ಕೆ, ದೂರದ ಸಿಂಹಳಕ್ಕೂ ಹೋಯಿತು. 1957ರಲ್ಲಿ ‘ಬೆಟ್ಟದ ಕಳ್ಳ’ನಾಗಿ ಕನ್ನಡಕ್ಕೂ ಬಂತು. ನಮ್ಮ ಮನೆಗಳಿಂದ ಕೂಗಳತೆಯಲ್ಲಿ ಕನ್ನಡ ಚಿತ್ರವೊಂದು ರೂಪುಗೊಂಡದ್ದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಇದು ಬೇರೆ ವಾರದ ಮಾತು. ಮತ್ತೆ ಬೆಟ್ಟಕ್ಕೆ ಹೋಗೋಣ.

ಮೇಷ್ಟ್ರು ಕಾದಂಬರಿಯನ್ನು ತಂದರು. ತಂದರೆಂದರೆ ನಿಜವಾಗಿಯೂ ಮನೆಗೆ ಹೋಗಿ ತಂದರು. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಈ ಒಂದು ಚಿತ್ರವಾಯಿತು. ಮೂರು ಪುಸ್ತಕ ಮೂರು ಗಂಟೆಗೆ ಇಳಿಯಬೇಕಾದರೆ ಮೊದಲ ಕತ್ತರಿ ಬೀಳುವುದು ಸಂಕಲನದ ಮೇಜಿನ ಮೇಲಲ್ಲ, ಚಿತ್ರಕಥೆ ಬರೆಯುವಾಗಲೇ. ಚಿತ್ರವನ್ನು ನೋಡಿದ ತ.ರಾ.ಸು. ಅವರಿಗೆ ಹಿಡಿಸಲಿಲ್ಲವೆಂದೂ, ತಮ್ಮ ನಾಗರಹಾವು ಕೇರೆಹಾವಾಯಿತೆಂದು ನೊಂದುಕೊಂಡರೆಂದೂ ಸಾಹಿತ್ಯವಲಯದಲ್ಲಿ ಬಹುಕಾಲದಿಂದ ಮಾತಿದೆ. ಚಿತ್ರದುರ್ಗದ ಚರಿತ್ರೆಯನ್ನು ‘ದುರ್ಗಾಸ್ತಮಾನ’ದಂಥ ಕೃತಿಗಳಲ್ಲಿ ಕಟ್ಟಿದ ಲೇಖಕರಿಗೆ ತಮ್ಮ ಊರಿನ ಹುಡುಗ ಪರದೆಯ ಮೇಲೆ ಬೇರೆಯವನಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೂ ಕೋಟ್ಯಂತರ ಕನ್ನಡಿಗರಿಗೆ ರಾಮಾಚಾರಿ ಎಂದೊಡನೆ ನೆನಪಾಗುವುದು ವಿಷ್ಣುವರ್ಧನರ ಮುಖ, ಚಾಮಯ್ಯ ಎಂದೊಡನೆ ಕೆ.ಎಸ್. ಅಶ್ವತ್ಥರ ದನಿ. ಲೇಖಕ ಸೋತು ಪಾತ್ರ ಗೆದ್ದ ಪ್ರಸಂಗವಿದು ಎಂದು ನನಗೆ ತೋರುತ್ತದೆ, ಮೇಷ್ಟ್ರು ಒಪ್ಪಲಿಲ್ಲ. ಪುಸ್ತಕ ಓದದೆ ಚಿತ್ರದ ಬಗ್ಗೆ ಮಾತಾಡುವವರನ್ನು ಅವರು ಸುಮ್ಮನೆ ಸಹಿಸಿಕೊಳ್ಳುತ್ತಾರೆ, ಅಷ್ಟೆ.

ವಾದ ಹೀಗೆ ಗಂಡಸರ ನಡುವೆ ತಿರುಗುತ್ತಿದ್ದಾಗ ಬಿಸಿ ಕಾಫಿ ತಂದಿಟ್ಟ ಸೊಸೆ ನಿಂತಲ್ಲೇ ಒಂದು ಪ್ರಶ್ನೆ ಕೇಳಿದರು.

“ಮೇಷ್ಟ್ರು ಬಿದ್ದರೋ ತಳ್ಳಿದನೋ ಎಂದು ಮಧ್ಯಾಹ್ನದಿಂದ ಕಿತ್ತಾಡುತ್ತಿದ್ದೀರಲ್ಲ ಮಾವ, ಅಲಮೇಲುವನ್ನು ತಳ್ಳಿದವರು ಯಾರು?”

ಯಾರೂ ಮಾತಾಡಲಿಲ್ಲ. ಅವರೇ ಮುಂದುವರಿಸಿದರು. ಅಣ್ಣ ವರದ ಅಂಜುಬುರುಕ. ತನ್ನ ಕೆಲಸವಾಗುವವರೆಗೆ ಮಾತು ಕೊಟ್ಟು ಆಮೇಲೆ ಮುರಿದ. ಹೆತ್ತವರು ಜಾತಿ ನೋಡಿದರು. ಮೇಷ್ಟ್ರು ಬಂದು ತ್ಯಾಗದ ಪಾಠ ಹೇಳಿದರು. ಹೇಳಿದ್ದು ರಾಮಾಚಾರಿಗೆ, ತ್ಯಾಗವಾದದ್ದು ಅಲಮೇಲು. ರಾಮಾಚಾರಿಯೂ ಅವಳನ್ನು ಒಂದು ಮಾತು ಕೇಳದೆ ಮೇಷ್ಟ್ರ ಪಾದಕ್ಕೆ ಅವಳ ಬಾಳನ್ನು ಅರ್ಪಿಸಿ ಬಂದ. ಮೇಷ್ಟ್ರು ಒಳ್ಳೆಯವರೇ, ಅವರ ಪ್ರೀತಿ ಸುಳ್ಳಲ್ಲ; ಆದರೆ ಅವರ ಒಂದು ಮಾತಿನಿಂದ ಒಬ್ಬ ಹೆಣ್ಣುಮಗಳು ಪ್ರಪಾತಕ್ಕೆ ಬಿದ್ದಳು. ಅದಕ್ಕೆ ಬೆಟ್ಟ ಬೇಕಾಗಲಿಲ್ಲ. ಕಡೆಯಲ್ಲಿ ರಾಮಾಚಾರಿ ಮೇಷ್ಟ್ರ ಮುಂದೆ ಇಡುವ ಲೆಕ್ಕವೂ ಅದೇ ಅಲ್ಲವೇ? ಹಾಗಿರುವಾಗ ಆ ಮುದುಕರನ್ನು ಕೈ ತಳ್ಳಿತೋ ಮಾತು ತಳ್ಳಿತೋ ಎಂಬುದರಲ್ಲಿ ಏನು ದೊಡ್ಡ ಅಂತರ?

ಈ ಚಿತ್ರವನ್ನು ನಾನು ಹಲವು ಬಾರಿ ನೋಡಿದ್ದೇನೆ. ಕಡೆಯ ದೃಶ್ಯದ ಒಗಟನ್ನು ಬಿಡಿಸಲು ಅಲಮೇಲುವಿನ ಕಡೆಯಿಂದ ಹೊರಡಬೇಕೆಂದು ನನಗೆ ಹೊಳೆದಿರಲಿಲ್ಲ. ಪುಟ್ಟಣ್ಣನವರಿಗೆ ಹೊಳೆದಿತ್ತೆಂದು ಈಗ ಅನ್ನಿಸುತ್ತದೆ. ಅಶ್ವತ್ಥರ ಮೇಷ್ಟ್ರನ್ನು ಅಷ್ಟು ಮೃದುವಾಗಿ, ಅಷ್ಟು ಪ್ರೀತಿ ಉಕ್ಕುವಂತೆ ತೋರಿಸಿದ್ದು ಸುಮ್ಮನೆ ಅಲ್ಲ. ಕೆಟ್ಟ ಗುರುವಿನ ತಪ್ಪನ್ನು ತೋರಿಸುವುದು ಸುಲಭ. ಒಳ್ಳೆಯ ಗುರುವಿನ ತಪ್ಪನ್ನು ತೋರಿಸಲು ಎದೆಗಾರಿಕೆ ಬೇಕು. ಏಕೆಂದರೆ ನೋಡುಗ ಅದನ್ನು ತಪ್ಪೆಂದು ಒಪ್ಪಿಕೊಳ್ಳಲು ತಡಮಾಡುತ್ತಾನೆ. ಐವತ್ತು ವರ್ಷದ ಈ ವಾದದಲ್ಲಿ ಅರ್ಧ ಆ ತಡವೇ.

ಇಷ್ಟು ಹೊತ್ತು ಸುಮ್ಮನಿದ್ದ ಹುಡುಗಿಗೆ ಈಗ ಬಾಯಿ ಬಂತು. ಅವಳ ತಕರಾರು ಬೇರೆ. ಓಬವ್ವನ ಪ್ರಸಂಗ ಕಥೆಗೆ ಸೇರಿದ್ದಲ್ಲ, ಅದನ್ನು ತೆಗೆದುಹಾಕಿದರೂ ಚಿತ್ರಕ್ಕೆ ನಷ್ಟವಿಲ್ಲ ಎಂದು ಅವಳ ಅಪ್ಪ ಮಧ್ಯಾಹ್ನ ಹೇಳಿದ್ದರಂತೆ. ಜಯಂತಿಯವರು ಓಬವ್ವನಾಗಿ ಕಾಣಿಸಿಕೊಳ್ಳುವ, ಪಿ.ಬಿ. ಶ್ರೀನಿವಾಸರು ಹಾಡಿರುವ ಆ ಭಾಗ ಇಂದಿಗೂ ಶಾಲಾ ವಾರ್ಷಿಕೋತ್ಸವಗಳಲ್ಲಿ ನಮ್ಮ ಹೆಣ್ಣುಮಕ್ಕಳ ಕೈಗೆ ಒನಕೆ ಕೊಡುತ್ತದೆ. ಕೋಟೆಯ ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಕಾವಲುಗಾರನ ಹೆಂಡತಿ ಒಬ್ಬೊಬ್ಬರನ್ನಾಗಿ ಒನಕೆಯಿಂದ ಹೊಡೆದು ಕೆಡಹಿದ ಕಥೆಯನ್ನು ಯಾರಿಗೂ ಹೇಳಬೇಕಾಗಿಲ್ಲ. ರಾಮಾಚಾರಿಯ ಕಥೆಗೂ ಇದಕ್ಕೂ ಮೇಲುನೋಟಕ್ಕೆ ಸಂಬಂಧವಿಲ್ಲವೆಂಬುದು ನಿಜ. ಆದರೆ ಹುಡುಗಿ ಹೇಳಿದ್ದು ಹೀಗೆ:

“ಅದೇ ಕೋಟೆ ಅಪ್ಪಾ. ಓಬವ್ವ ಗಂಡನ ಊಟ ಕೆಡಬಾರದೆಂದು ತಾನೇ ಹೋದಳು, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅದೇ ಊರಿನ ಅಲಮೇಲುವನ್ನು ಯಾರೂ ಏನೂ ಕೇಳಲಿಲ್ಲ. ಅದನ್ನು ಕತ್ತರಿಸಿದರೆ ಇದು ಹೇಗೆ ಗೊತ್ತಾಗುತ್ತದೆ?”

ನೆರೆಮನೆಯ ಮೇಷ್ಟ್ರು ಅವಳ ಬೆನ್ನು ತಟ್ಟಿದರು. ಅಷ್ಟಕ್ಕೆ ಬಿಟ್ಟಿದ್ದರೆ ಎಲ್ಲರೂ ಸಂತೋಷವಾಗಿ ಏಳುತ್ತಿದ್ದೆವು. ಆದರೆ ಹುಡುಗಿ ಬಿಡಲಿಲ್ಲ. ಚಾಮಯ್ಯ ಮೇಷ್ಟ್ರು ರಾಮಾಚಾರಿಯನ್ನು ಪ್ರೀತಿಸುತ್ತಿದ್ದರು, ಅದಕ್ಕೇ ಅವನು ಇಲ್ಲವೆನ್ನಲಾಗಲಿಲ್ಲ. ಪ್ರೀತಿಸುವವರು ಕೇಳಿದರೆ ಇಲ್ಲವೆನ್ನುವುದು ಹೇಗೆ ಎಂದು ಕೇಳಿದಳು. ಆಮೇಲೆ ಅದೇ ಉಸಿರಿನಲ್ಲಿ, ತನ್ನನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವಾಗ ಯಾರು ಯಾರನ್ನು ಕೇಳಿದರು ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳುವ ಕುತೂಹಲವಷ್ಟೇ ಇತ್ತು. ಅದೇ ಉತ್ತರ ಕೊಡುವುದನ್ನು ಕಷ್ಟಮಾಡಿತು.

ಅವಳ ತಂದೆ ಸ್ವಲ್ಪ ಹೊತ್ತು ಲೋಟವನ್ನು ನೋಡುತ್ತಿದ್ದರು. ಈ ಪತ್ರಿಕೆಯ ಓದುಗರಲ್ಲಿ ಆ ಲೋಟವನ್ನು ನೋಡದವರು ಯಾರು? ಮಗು ಮೂರು ವರ್ಷದ್ದಾಗಿದ್ದಾಗ ನಾವು ತೀರ್ಮಾನಿಸುತ್ತೇವೆ. ಮನೆಯಲ್ಲಿ ಆಡುವ ಕನ್ನಡ ತಮಿಳು ಬೆರೆತದ್ದು, ಪುಸ್ತಕದ ಕನ್ನಡ ಬೇರೆ, 2006ರ ಕಾಯ್ದೆಯ ಮೇಲೆ ಶಾಲೆಯಲ್ಲಿ ತಮಿಳೂ ಕಡ್ಡಾಯ, ಕಾಲೇಜಿಗೆ ಇಂಗ್ಲಿಷು. ಮೂರು ಹೊರೆಯನ್ನು ಮಗುವಿನ ಬೆನ್ನಿಗೆ ಕಟ್ಟಿ, ಇದು ನಿನ್ನ ಒಳಿತಿಗೆ, ನಮ್ಮ ಮನೆಯ ಮಾತು ಉಳಿಯಲಿ ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಚಾಮಯ್ಯ ಮೇಷ್ಟ್ರೂ ಪ್ರೀತಿಯಿಂದಲೇ ಹೇಳಿದ್ದು.

“ನಿನ್ನನ್ನು ಕೇಳಲಿಲ್ಲಮ್ಮ,” ಎಂದರು ತಂದೆ. “ನಿನ್ನ ತಾತ ಹೇಳಿದರು, ನಾನು ಸೇರಿಸಿದೆ. ಈಗ ಕೇಳುತ್ತೇನೆ. ಹತ್ತನೆಯ ತರಗತಿ ಮುಗಿದ ಮೇಲೆ ಯಾವುದನ್ನು ಓದಬೇಕು, ಯಾವುದರಲ್ಲಿ ಓದಬೇಕು, ನೀನೇ ಹೇಳು. ನಾನು ಬೆಟ್ಟದ ತುದಿಗೆ ಹೋಗಿ ನಿಲ್ಲುವುದಿಲ್ಲ.”

ಹುಡುಗಿ ನಕ್ಕಳು. ಉತ್ತರವನ್ನು ಆಗ ಹೇಳಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ. ಅವಳು ಮಧ್ಯಾಹ್ನದಿಂದ ಆಡಿದ ಮಾತೆಲ್ಲ ಕನ್ನಡದಲ್ಲಿಯೇ ಇತ್ತು ಎಂಬುದನ್ನು ನಾನು ಗಮನಿಸಿದೆ. ಹೇಳಿದರೆ ಅದೂ ಒಂದು ಹೊರೆಯಾದೀತೆಂದು ಸುಮ್ಮನಾದೆ.

ತಾತ ವೀಳ್ಯವನ್ನು ಮುಗಿಸಿ ಬಾಯಿ ತೊಳೆದು ಬಂದರು. ಅವರು ‘ನಾಗರಹಾವು’ ನೋಡಿದ್ದು 1973ರಲ್ಲಿ, ಚಾಮರಾಜನಗರದಲ್ಲಿ; ನೆಂಟರ ಮದುವೆಗೆ ಹೋಗಿದ್ದಾಗ. ಆಗ ಅವರಿಗೆ ಹದಿನೆಂಟು. ಆ ಕಥೆಯನ್ನು ಅಂದು ಬೆಳಗ್ಗೆಯಿಂದ ಮೂರು ಸಲ ಹೇಳಿದ್ದರು: ಸತ್ಯಮಂಗಲದ ಕಾಡು, ದಿಂಬಂ ಘಟ್ಟದ 27 ತಿರುವು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಸೋದರತ್ತೆ, ಮದುವೆಯ ಮರುದಿನ ಮ್ಯಾಟಿನಿಗೆ ಕಿಕ್ಕಿರಿದ ಜನ. ಮೊಮ್ಮಗಳು ಲೆಕ್ಕದಲ್ಲಿ ಚುರುಕು.

“ತಾತ, ಮ್ಯಾಟಿನಿ ಎಷ್ಟು ಗಂಟೆಗೆ?”

“ಮೂರು ಗಂಟೆಗೆ.”

“ಮೂರು ಗಂಟೆಯ ಸಿನಿಮಾ, ನಡುವೆ ವಿರಾಮ ಬೇರೆ. ಆರು ಗಂಟೆ ದಾಟುತ್ತದೆ. ಕಡೆಯ ಬಸ್ಸು ಐದೂವರೆಗೆ ಎಂದಿರಿ. ಅವತ್ತೇ ರಾತ್ರಿ ಊರು ಸೇರಿದೆವು ಎಂದೂ ಹೇಳಿದಿರಿ.”

ತಾತ ಗೋಡೆಯ ಕ್ಯಾಲೆಂಡರನ್ನು ನೋಡಿದರು, ನೆರೆಮನೆಯ ಮೇಷ್ಟ್ರನ್ನು ನೋಡಿದರು, ಕಡೆಗೆ ನಕ್ಕುಬಿಟ್ಟರು. ಓಬವ್ವನ ಹಾಡಿನವರೆಗೆ ಕುಳಿತಿದ್ದರಂತೆ, ಅದರ ಮೇಲೆ ಇನ್ನೊಂದಿಷ್ಟು. ಆಮೇಲೆ ಸೋದರಮಾವ ಬಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದರು. ಕಡೆಯ ದೃಶ್ಯವನ್ನು ಬಸ್ಸಿನಲ್ಲಿ ಹೇಳಿದವನು ಮೊದಲೇ ನೋಡಿದ್ದ ದಾಯಾದಿ ಹುಡುಗ; ದಿಂಬಂನ ಒಂದೊಂದು ತಿರುವಿಗೂ ಮೇಷ್ಟ್ರನ್ನು ತಳ್ಳುತ್ತ ಕೈ ಮಾಡಿ ತೋರಿಸಿದ್ದನಂತೆ.

“ಆ ಕೈಯನ್ನೇ ನಾನು ಕಂಡದ್ದು,” ಎಂದರು ತಾತ.

ಹೊರಗೆ ಕತ್ತಲಾಗಿತ್ತು. ಹುಡುಗಿ ಎದ್ದು ಚಿತ್ರವನ್ನು ಹಿಂದಕ್ಕೆ ಓಡಿಸಿ, ತಾತ ಎದ್ದುಹೋದ ಜಾಗವನ್ನು ಹುಡುಕತೊಡಗಿದಳು.